1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಇಂಜಿನ್: ವಿವರಗಳು, ಸಾಮಾನ್ಯ ದೋಷಗಳು, ಅವನ್ನು ಹಂತಹಂತವಾಗಿ ಪತ್ತೆಹಚ್ಚುವ ಬಗೆ

ಕೆಎ-16 (ಚಿತ್ರದುರ್ಗ) ಅಥವಾ ಕೆಎ-17 (ದಾವಣಗೆರೆ) ನಂಬರಿನ ಹಳೆಯ ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಮಾಂಜಾ, ಪುಂಟೊ, ಲಿನಿಯಾ ಇವುಗಳಲ್ಲಿ ಯಾವುದೇ ಡೀಸೆಲ್ ಕಾರಿನ ಬಾನೆಟ್ ಎತ್ತಿ ನೋಡಿದರೂ ಒಳಗಿರುವುದು ಬಹುಮಟ್ಟಿಗೆ ಒಂದೇ ಇಂಜಿನ್. ಫಿಯೆಟ್ ಕಂಪನಿಯು 2003ರಲ್ಲಿ ಹೊರತಂದ 1.3 ಲೀಟರ್ ಮಲ್ಟಿಜೆಟ್ ಅದು. ಮಾರುತಿಯವರು ಅದನ್ನು ಡಿಡಿಐಎಸ್ ಎಂದು ಕರೆದರು, ಟಾಟಾದವರು ಕ್ವಾಡ್ರಾಜೆಟ್ ಎಂದರು. ಇಷ್ಟೊಂದು ಕಾರುಗಳಲ್ಲಿ ಕೂತಿದ್ದರಿಂದ ಇದಕ್ಕೆ 'ರಾಷ್ಟ್ರೀಯ ಇಂಜಿನ್' ಎಂಬ ಅಡ್ಡಹೆಸರೂ ಅಂಟಿಕೊಂಡಿತು. 2020ರ ಏಪ್ರಿಲ್ 1ರಂದು ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಜಾರಿಗೆ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಆದರೆ ಅದಕ್ಕೂ ಮೊದಲು ಮಾರಾಟವಾದ ಕಾರುಗಳು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ, ಹೊಳಲ್ಕೆರೆ, ಚಳ್ಳಕೆರೆ, ಜಗಳೂರುಗಳ ಹಾದಿಯಲ್ಲಿ ಇಂದಿಗೂ ದಿನನಿತ್ಯ ಓಡುತ್ತಿವೆ.

ಈ ಇಂಜಿನ್ನಿನಲ್ಲಿ ಕಾಣುವ ದೊಡ್ಡ ದೋಷಗಳಲ್ಲಿ ಹೆಚ್ಚಿನವು ಆಯಿಲ್ ಮತ್ತು ಡೀಸೆಲ್ ಇವೆರಡರ ಶುಚಿತ್ವದಲ್ಲಿ ಆದ ಅಲಕ್ಷ್ಯದಿಂದ ಹುಟ್ಟುತ್ತವೆ. ಆದ್ದರಿಂದ ಯಾವ ತೊಂದರೆ ಕಂಡರೂ ಅಗ್ಗದ ಕಾರಣವನ್ನು ಮೊದಲು ಪರೀಕ್ಷಿಸಿ, ಅದು ಅಲ್ಲವೆಂದು ಖಚಿತವಾದ ಮೇಲೆಯೇ ದುಬಾರಿ ಭಾಗಕ್ಕೆ ಕೈ ಹಾಕಬೇಕು. ಇಲ್ಲಿ ಹೇಳಿರುವ ಕ್ರಮವೆಲ್ಲ ಆ ನಿಯಮದ ಮೇಲೆಯೇ ನಿಂತಿದೆ.

ಇಂಜಿನ್ನಿನ ಮುಖ್ಯ ವಿವರಗಳು

ನಾಲ್ಕು ಸಿಲಿಂಡರ್, 1248 ಸಿಸಿ. ಬೋರ್ 69.6 ಮಿ.ಮೀ., ಸ್ಟ್ರೋಕ್ 82 ಮಿ.ಮೀ. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಹೆಡ್ ಮೇಲೆ ವಾಲ್ವ್ ತೆರೆಸುವ ಎರಡು ಕ್ಯಾಮ್‌ಶಾಫ್ಟ್, ಹದಿನಾರು ವಾಲ್ವ್ ಇದ್ದು, ವಾಲ್ವ್‌ಗಳ ಸಡಿಲವನ್ನು ಸರಿದೂಗಿಸುವ ಟ್ಯಾಪೆಟ್‌ಗಳು ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ತಾವೇ ಹೊಂದಿಕೊಳ್ಳುವಂಥವು ಆಗಿರುವುದರಿಂದ ಗೇಜ್ ಹಾಕಿ ಟ್ಯಾಪೆಟ್ ಹೊಂದಿಸುವ ಕೆಲಸವೇ ಇಲ್ಲ. ಫೈರಿಂಗ್ ಕ್ರಮ 1-3-4-2. ಕ್ಯಾಮ್‌ಗಳನ್ನು ತಿರುಗಿಸುವುದು ಬೆಲ್ಟ್ ಅಲ್ಲ, ಚೈನ್. ಡೀಸೆಲ್ ಸಿಂಪಡಿಸುವುದು ಕಾಮನ್ ರೈಲ್ ವ್ಯವಸ್ಥೆ, ಅಂದರೆ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್‌ಗಳಿಗೆ 'ರೈಲ್' ಎಂಬ ಒಂದೇ ಕೊಳವೆಯಿಂದ ಒತ್ತಡದ ಡೀಸೆಲ್ ಹೋಗುತ್ತದೆ; ಅದರ ಗರಿಷ್ಠ ಒತ್ತಡ ಮೊದಲ ಮಾದರಿಗಳಲ್ಲಿ ಸುಮಾರು 1400 ಬಾರ್.

ಭಾರತದಲ್ಲಿ ಇದು ಎರಡು ಶಕ್ತಿಗಳಲ್ಲಿ ಸಿಕ್ಕಿತು. 2007ರ ಸ್ವಿಫ್ಟ್, 2008ರ ಡಿಜೈರ್ ಮತ್ತು ವಿಸ್ಟಾ, 2009ರ ರಿಟ್ಜ್ ಇವುಗಳಲ್ಲಿ ಸಾಧಾರಣ ಟರ್ಬೊ (ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಇದ್ದು, 4000 ಆರ್‌ಪಿಎಮ್‌ನಲ್ಲಿ ಸುಮಾರು 75 ಪಿಎಸ್ ಶಕ್ತಿಯನ್ನೂ ಸುಮಾರು 190 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತದೆ. ಮಾಂಜಾ, ಲಿನಿಯಾ, 2011ರ ಎಸ್‌ಎಕ್ಸ್4 ಮತ್ತು 2012ರ ಎರ್ಟಿಗಾಗಳಲ್ಲಿ ಒಳಗಿನ ರೆಕ್ಕೆಗಳ ಕೋನ ಬದಲಾಗುವ ಟರ್ಬೊ, ಅಂದರೆ ವಿಜಿಟಿ ಇದ್ದು, ಶಕ್ತಿ 90 ಪಿಎಸ್ ಆಸುಪಾಸು, ಟಾರ್ಕ್ 200 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ. ನಿಮ್ಮ ಕಾರಿನಲ್ಲಿ ಇರುವುದು ಯಾವುದು ಎಂದು ಆರ್‌ಸಿ ಪುಸ್ತಕದ ಮಾದರಿ ಮತ್ತು ತಯಾರಿಕೆಯ ವರ್ಷ ನೋಡಿ ಮೊದಲೇ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಟರ್ಬೊ ಮಾತ್ರವಲ್ಲದೆ ಕೆಲವು ಸೆನ್ಸರ್ ಮತ್ತು ಪೈಪ್‌ಗಳೂ ಎರಡರಲ್ಲಿ ಬೇರೆಬೇರೆ.

ಆಯಿಲ್

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ. ಈ ಇಂಜಿನ್ನಿನಲ್ಲಿ ಹಿಡಿಯುವ ಆಯಿಲ್ ಸುಮಾರು ಮೂರು ಲೀಟರ್ ಮಾತ್ರ. ಅಷ್ಟರಲ್ಲಿಯೇ ಟರ್ಬೊ ಶಾಫ್ಟ್ ತಣ್ಣಗಿರಬೇಕು, ಟ್ಯಾಪೆಟ್‌ಗಳು ತುಂಬಿರಬೇಕು, ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ಗೂ ಒತ್ತಡ ಸಿಗಬೇಕು. ಟೆನ್ಷನರ್ ಕೆಲಸ ಮಾಡುವುದೇ ಆಯಿಲ್ ಒತ್ತಡದಿಂದ. ಆಯಿಲ್ ಕಡಿಮೆಯಾದರೆ ಅಥವಾ ಮಸಿ ತುಂಬಿ ಗಟ್ಟಿಯಾದರೆ ಮೊದಲು ಸಡಿಲವಾಗುವುದು ಚೈನ್.

ವಾರಕ್ಕೊಮ್ಮೆ, ಬೆಳಿಗ್ಗೆ ಸೆಲ್ಫ್ ಹೊಡೆಯುವ ಮುಂಚೆ, ಕಾರು ಸಮತಟ್ಟಾದ ನೆಲದಲ್ಲಿ ನಿಂತಿರುವಾಗ ಡಿಪ್‌ಸ್ಟಿಕ್ ತೆಗೆದು ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಇಳಿಸಿ ನೋಡಬೇಕು. ಮಟ್ಟವು ಎರಡು ಗುರುತುಗಳ ನಡುವೆ, ಮೇಲಿನ ಗುರುತಿಗೆ ಹತ್ತಿರ ಇರಬೇಕು. ಡೀಸೆಲ್ ಇಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗುವುದು ಸಹಜ, ಅದರಿಂದ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಮಟ್ಟ ತಾನಾಗಿಯೇ ಏರುತ್ತಿದ್ದರೆ. ಹಾಗೆ ಏರುತ್ತಿದ್ದು ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಬರುತ್ತಿದ್ದರೆ ಇಂಜೆಕ್ಟರ್ ಸೋರಿ ಡೀಸೆಲ್ ಕೆಳಗಿಳಿಯುತ್ತಿದೆ ಎಂದು ಅರ್ಥ, ಅಂಥ ಕಾರನ್ನು ಓಡಿಸಬಾರದು. ಮೇಲಿನ ಗುರುತನ್ನು ಮೀರಿ ಆಯಿಲ್ ತುಂಬುವುದೂ ಅಷ್ಟೇ ಅಪಾಯಕರ. ಹೆಚ್ಚಾದ ಆಯಿಲ್ ಗಾಳಿಯ ದಾರಿಗೆ ಸೇರಿದರೆ ಇಂಜಿನ್ ಅದನ್ನೇ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ರೇಸ್ ಆಗುವ ಸಂಭವವಿದೆ.

ಆಯಿಲ್ ಬದಲಿಸುವಾಗ 5ಡಬ್ಲ್ಯು-30 ದರ್ಜೆಯ ಸಿಂಥೆಟಿಕ್ ಆಯಿಲ್ ಬಳಸುವುದು ಉತ್ತಮ. ಡಬ್ಬದ ಮೇಲಿನ ದರ್ಜೆಯನ್ನು ಕಾರಿನ ಕೈಪಿಡಿಯೊಂದಿಗೆ ಹೋಲಿಸಿ ನೋಡಬೇಕು. ಟ್ರ್ಯಾಕ್ಟರ್‌ಗೆ ತಂದ ದಪ್ಪ ಆಯಿಲ್ ಮನೆಯಲ್ಲಿ ಉಳಿದಿದೆ ಎಂದು ಕಾರಿಗೆ ಸುರಿಯುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಉಂಟು. ಈ ಇಂಜಿನ್ನಿಗೆ ಅದು ಸಲ್ಲದು, ಏಕೆಂದರೆ ತಣ್ಣಗಿರುವಾಗ ದಪ್ಪ ಆಯಿಲ್ ಟೆನ್ಷನರ್‌ವರೆಗೆ ತಲುಪುವುದು ತಡವಾಗುತ್ತದೆ. ಕಂಪನಿ ಹೇಳುವ 10,000 ಕಿ.ಮೀ. ಅವಧಿ ಹೆದ್ದಾರಿಯಲ್ಲಿ ಓಡುವ ಕಾರಿಗೆ ಸರಿ. ಆದರೆ ದಾವಣಗೆರೆಯ ಪೇಟೆಯೊಳಗೇ ಸಣ್ಣಸಣ್ಣ ದೂರ ಓಡುವ, ಇಲ್ಲವೇ ಹೊಸದುರ್ಗ, ಜಗಳೂರುಗಳ ಮಣ್ಣುದಾರಿಯ ಧೂಳು ಕುಡಿಯುವ ಹಳೆಯ ಕಾರಿಗೆ 7,500 ಕಿ.ಮೀ.ಗೊಮ್ಮೆ, ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸುವುದು ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಸಲವೂ ಫಿಲ್ಟರ್ ಹೊಸದಿರಬೇಕು. ಫಿಲ್ಟರ್ ಮುಚ್ಚಳದ ರಬ್ಬರ್ ರಿಂಗ್ ಮತ್ತು ಡ್ರೇನ್ ಬೋಲ್ಟ್‌ನ ವಾಷರ್ ಕೂಡ ಹೊಸವಿರಬೇಕು. ಹೊಸ ಆಯಿಲ್ ಹಾಕಿದ ಮೇಲೆ ಇಂಜಿನ್ ಚಾಲೂ ಮಾಡಿ, ಆಯಿಲ್ ದೀಪ ಆರುವವರೆಗೆ ಆಕ್ಸಿಲರೇಟರ್ ಮುಟ್ಟಬಾರದು.

ಟೈಮಿಂಗ್ ಚೈನ್

ಚೈನ್ ಎಂದರೆ ಇಂಜಿನ್ ಇರುವವರೆಗೆ ಬರುತ್ತದೆ ಎಂಬ ನಂಬಿಕೆ ಬಲವಾಗಿದೆ. ಶುದ್ಧ ಆಯಿಲ್ ಸಿಕ್ಕ ಇಂಜಿನ್ನಿನಲ್ಲಿ ಅದು ಎರಡು ಲಕ್ಷ ಕಿ.ಮೀ. ದಾಟಿಯೂ ಬಾಳುತ್ತದೆ. ಕಾಲಕಾಲಕ್ಕೆ ಹೊಸ ಆಯಿಲ್ ಕಾಣದೆ ಓಡಿದ ಇಂಜಿನ್ನಿನಲ್ಲಿ ಅದರ ಅರ್ಧಕ್ಕೇ ಸಡಿಲವಾಗುತ್ತದೆ. ಆದ್ದರಿಂದ ಮೀಟರ್ ಓದುವುದಕ್ಕಿಂತ ಕಿವಿಗೊಟ್ಟು ಕೇಳುವುದು ಮೇಲು.

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಇನ್ನೊಬ್ಬರಿಂದ ಚಾಲೂ ಮಾಡಿಸಿ, ನೀವು ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ಇರುವ ಬದಿಯಲ್ಲಿ ನಿಲ್ಲಿ. ಚಾಲೂ ಆದ ಮೊದಲ ಒಂದೆರಡು ಸೆಕೆಂಡ್ 'ಕರಕರ' ಎಂಬ ಲೋಹದ ಸದ್ದು ಬಂದು ತಟ್ಟನೆ ನಿಂತರೆ, ಟೆನ್ಷನರ್‌ಗೆ ಆಯಿಲ್ ತಲುಪುವವರೆಗೆ ಚೈನ್ ಸಡಿಲವಿದೆ ಎಂದು ತಿಳಿಯಬೇಕು. ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಮೇಲೂ ಆ ಸದ್ದು ಉಳಿದರೆ ಚೈನ್ ಕಿಟ್ ಬದಲಿಸುವ ಕಾಲ ಬಂದಿದೆ. ಇಂಜಿನ್ ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗುವುದೇ ಕ್ಷೇಮ. ಚೈನ್ ಒಂದೆರಡು ಹಲ್ಲು ಜಿಗಿದರೂ ಪಿಸ್ಟನ್ ಮತ್ತು ವಾಲ್ವ್ ಡಿಕ್ಕಿಯಾಗಿ ರಾಕರ್‌ಗಳು ಮುರಿಯುತ್ತವೆ, ವಾಲ್ವ್‌ಗಳು ಬಾಗುತ್ತವೆ, ಖರ್ಚು ಕಿಟ್‌ನ ಬೆಲೆಯ ಹಲವು ಪಟ್ಟಾಗುತ್ತದೆ.

ಕಿಟ್ ಹಾಕಿಸುವಾಗ ಚೈನ್, ಟೆನ್ಷನರ್, ಗೈಡ್‌ಗಳು, ಹಲ್ಲುಚಕ್ರಗಳು ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಸವೆದ ಹಲ್ಲುಚಕ್ರಕ್ಕೆ ಹೊಸ ಚೈನ್ ಹೊಂದುವುದಿಲ್ಲ. ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಹಿಡಿದಿಡುವ ಲಾಕಿಂಗ್ ಟೂಲ್ ಮೆಕ್ಯಾನಿಕ್ ಬಳಿ ಇದೆಯೇ ಎಂದು ಮೊದಲೇ ಕೇಳಬೇಕು. ಬಿಳಿ ಬಣ್ಣದಲ್ಲಿ ಗುರುತು ಹಾಕಿಕೊಂಡು ಅಂದಾಜಿನಲ್ಲಿ ಜೋಡಿಸುವವರಿಗೆ ಈ ಕೆಲಸ ಕೊಡಬಾರದು. ಟೈಮಿಂಗ್ ಕವರ್ ತೆಗೆಯಲು ಹೇಗೂ ಕೆಳಗಿನ ಆಯಿಲ್ ತೊಟ್ಟಿಯಾದ ಸಂಪ್ ಇಳಿಸಲೇಬೇಕು. ಆ ಸಂದರ್ಭದಲ್ಲಿ ಆಯಿಲ್ ಹೀರುವ ಜಾಲರಿಯನ್ನು ಬಿಚ್ಚಿ ತೊಳೆಯಿಸುವುದನ್ನು ಮರೆಯಬಾರದು. ಜಾಲರಿಯಲ್ಲಿ ಕೊಳೆ ಕಟ್ಟಿದ್ದೇ ಚೈನ್ ಸವೆಯಲು ಮೂಲ ಕಾರಣವಾಗಿದ್ದರೆ, ಹೊಸ ಕಿಟ್ ಕೂಡ ಅದೇ ಹಾದಿ ಹಿಡಿಯುತ್ತದೆ.

ಬ್ಯಾಟರಿ ಇಳಿದಾಗ ಕಾರನ್ನು ಹಿಂದಕ್ಕೆ ತಳ್ಳಿ ರಿವರ್ಸ್ ಗೇರಿನಲ್ಲಿ ಚಾಲೂ ಮಾಡುವುದನ್ನೂ ಬಿಡಬೇಕು. ಬ್ಯಾಟರಿಗೆ ಬೇರೆ ಗಾಡಿಯಿಂದ ಜಂಪ್ ಕೊಡಿಸುವುದು ಸರಿಯಾದ ದಾರಿ.

ಚಾಲೂ ಆಗದಿದ್ದರೆ

ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ತೊಂದರೆ ಇಂಜಿನ್ ತಣ್ಣಗಿರುವಾಗಲೋ, ಬಿಸಿಯಾಗಿರುವಾಗಲೋ? ಈ ಒಂದು ವಿಷಯ ಸ್ಪಷ್ಟವಾದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ತಣ್ಣಗಿರುವಾಗಿನ ತೊಂದರೆಯಾದರೆ ಬ್ಯಾಟರಿಯಿಂದ ಆರಂಭಿಸಬೇಕು. ಸೆಲ್ಫ್ ನಿಧಾನವಾಗಿ ತಿರುಗಿದರೆ ಈ ಇಂಜಿನ್ ಚಾಲೂ ಆಗುವುದಿಲ್ಲ, ಏಕೆಂದರೆ ರೈಲ್‌ನಲ್ಲಿ ಒತ್ತಡ ಕಟ್ಟುವುದಕ್ಕೂ ಗಾಳಿಯನ್ನು ಸಾಕಷ್ಟು ಒತ್ತಿ ಬಿಸಿ ಮಾಡುವುದಕ್ಕೂ ವೇಗ ಬೇಕು. ಬ್ಯಾಟರಿ ಟರ್ಮಿನಲ್ ಮತ್ತು ಕಾರಿನ ಬಾಡಿಯವರೆಗೆ ಹೋಗುವ ಅರ್ಥ್ ವೈರ್ ಬಿಗಿಯಾಗಿ, ಶುಚಿಯಾಗಿ ಇವೆಯೇ ನೋಡಿ. ಬಳಿಕ ಡೀಸೆಲ್ ಫಿಲ್ಟರ್. ಅದರ ತಳದ ತಿರುಪನ್ನು ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಡೀಸೆಲ್ ಇಳಿಸಿ, ಹತ್ತು ನಿಮಿಷ ಬಿಟ್ಟು ನೋಡಿದರೆ ನೀರಿದ್ದಲ್ಲಿ ಅದು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನೀರು ಕಂಡರೆ ಫಿಲ್ಟರನ್ನು ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ, ಕೈಪಿಡಿ ಹೇಳುವ ರೀತಿಯಲ್ಲಿ ಲೈನಿನ ಏರ್ ತೆಗೆಯಬೇಕು. ದೋಷವಿಲ್ಲದಿದ್ದರೂ 20,000 ಕಿ.ಮೀ.ಗೊಮ್ಮೆ ಈ ಫಿಲ್ಟರ್ ಬದಲಿಸುವುದು ಒಳ್ಳೆಯದು. ಇಂಜೆಕ್ಟರ್ ಮತ್ತು ಹೈಪ್ರೆಷರ್ ಪಂಪಿಗೆ ಡೀಸೆಲ್ಲೇ ಜಾರುಗುಣ ಕೊಡುವುದರಿಂದ, ನೀರು ಅವುಗಳನ್ನು ಒಳಗಿಂದಲೇ ತಿಂದುಹಾಕುತ್ತದೆ.

ತಣ್ಣಗಿನ ಇಂಜಿನ್ ಚಾಲೂ ಆಗಲು ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್‌ಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಬಯಲುಸೀಮೆಯ ಹವೆ ಇವುಗಳ ದೋಷವನ್ನು ಮುಚ್ಚಿಡುತ್ತದೆ. ನಾಲ್ಕರಲ್ಲಿ ಎರಡು ಸತ್ತಿದ್ದರೂ ಏಪ್ರಿಲ್, ಮೇ ತಿಂಗಳಲ್ಲಿ ಕಾರು ಒಂದೇ ಹೊಡೆತಕ್ಕೆ ಚಾಲೂ ಆಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಮಾತ್ರ ಬಿಳಿ ಹೊಗೆ, ಕೆಲವು ಸೆಕೆಂಡ್ ನಡುಕ, ಎರಡು ಮೂರು ಸಲ ಸೆಲ್ಫ್ ಎಳೆಯಬೇಕಾದ ಪರಿಸ್ಥಿತಿ ಕಾಣಿಸುತ್ತದೆ. ಆದ್ದರಿಂದ ದೀಪಾವಳಿಯ ಹೊತ್ತಿಗೇ ಮಲ್ಟಿಮೀಟರ್ ಹಿಡಿದು ಪರೀಕ್ಷಿಸುವುದು ಲೇಸು. ಪ್ಲಗ್‌ನ ವೈರ್ ತೆಗೆದು, ಪ್ಲಗ್‌ನ ತುದಿಗೂ ಇಂಜಿನ್ ಬಾಡಿಗೂ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಒಳ್ಳೆಯ ಪ್ಲಗ್ ಸುಮಾರು ಒಂದು ಓಮ್ ಅಥವಾ ಅದಕ್ಕೂ ಕಡಿಮೆ ತೋರಿಸುತ್ತದೆ, ಸುಟ್ಟುಹೋದದ್ದು ಏನನ್ನೂ ತೋರಿಸುವುದಿಲ್ಲ. ವರ್ಷಗಟ್ಟಲೆ ಬಿಚ್ಚದ ಪ್ಲಗ್ ಅಲ್ಯೂಮಿನಿಯಮ್ ಹೆಡ್‌ನಲ್ಲಿ ಕಚ್ಚಿಕೊಂಡಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಇಂಜಿನ್ ಬೆಚ್ಚಗಿರುವಾಗ ನಿಧಾನವಾಗಿ ಹಿಂದೆಮುಂದೆ ತಿರುಗಿಸುತ್ತ ಬಿಚ್ಚಬೇಕು. ಬಲ ಹಾಕಿ ಪ್ಲಗ್ ಮುರಿದರೆ ಹೆಡ್ ಇಳಿಸುವವರೆಗೆ ಕೆಲಸ ಬೆಳೆಯಬಹುದು.

ಬಿಸಿಯಾಗಿರುವಾಗ ಮಾತ್ರ ಚಾಲೂ ಆಗುವುದು ತಡವಾದರೆ ಹೀಟರ್ ಪ್ಲಗ್ ಕಡೆ ನೋಡಲೇಬೇಡಿ. ಉದಾಹರಣೆಗೆ, ದಾವಣಗೆರೆಯಿಂದ ಭರಮಸಾಗರ ದಾಟಿ ಚಿತ್ರದುರ್ಗಕ್ಕೆ ಬಂದು, ಚಹಾ ಕುಡಿದು ಮತ್ತೆ ಕೀ ತಿರುಗಿಸಿದಾಗ ಸೆಲ್ಫ್ ಉದ್ದಕ್ಕೆ ತಿರುಗುತ್ತಲೇ ಇದ್ದರೆ, ಸಾಮಾನ್ಯ ಕಾರಣ ಇಂಜೆಕ್ಟರ್‌ಗಳ ಒಳಸೋರಿಕೆ. ಬಿಸಿ ಡೀಸೆಲ್ ತೆಳುವಾಗಿ, ಸವೆದ ಇಂಜೆಕ್ಟರ್‌ಗಳ ಮೂಲಕ ರಿಟರ್ನ್ ಪೈಪಿಗೆ ಹರಿದುಹೋಗುವುದರಿಂದ ರೈಲ್‌ನಲ್ಲಿ ಒತ್ತಡ ಕಟ್ಟುವುದಿಲ್ಲ. ಪರೀಕ್ಷೆ ಸರಳವಾದದ್ದು. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ತೆಗೆದು, ಒಂದೊಂದಕ್ಕೂ ಒಂದೇ ಅಳತೆಯ ಬಾಟಲಿ ಜೋಡಿಸಿ, ಇಂಜಿನ್ ಕೆಲವು ನಿಮಿಷ ಓಡಿಸಿದಾಗ ನಾಲ್ಕರಲ್ಲಿಯೂ ಹೆಚ್ಚುಕಡಿಮೆ ಸಮನಾದ ಡೀಸೆಲ್ ತುಂಬಬೇಕು. ಯಾವುದು ಉಳಿದವುಗಳಿಗಿಂತ ಬಹಳ ಹೆಚ್ಚು ತುಂಬಿತೋ ಅದೇ ದೋಷಿ. ಇಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಸ್ಕ್ಯಾನರ್ ಇದ್ದರೆ ಐಡ್ಲಿಂಗ್‌ನಲ್ಲಿ ರೈಲ್ ಒತ್ತಡ 250ರಿಂದ 350 ಬಾರ್ ಸುತ್ತ ಸ್ಥಿರವಾಗಿದೆಯೇ ನೋಡಬಹುದು. ಇಂಜೆಕ್ಟರ್‌ಗಳು ಸರಿಯಾಗಿದ್ದರೆ ಪ್ರೆಷರ್ ರೆಗ್ಯುಲೇಟರ್, ಆಮೇಲೆ ಬಿಸಿಯಾದಾಗ ಕೈಕೊಡುವ ಕ್ರ್ಯಾಂಕ್ ಸೆನ್ಸರ್, ಎಲ್ಲಕ್ಕಿಂತ ಕೊನೆಗೆ ಹೈಪ್ರೆಷರ್ ಪಂಪ್. ಕೆಲವರು ಪಂಪನ್ನೇ ಮೊದಲು ಬಿಚ್ಚುತ್ತಾರೆ. ಅದಕ್ಕೆ ಒಪ್ಪಬೇಡಿ.

ಒಂದು ಎಚ್ಚರಿಕೆ ಇಲ್ಲಿ ಅತ್ಯಗತ್ಯ. ಹಳೆಯ ಜೀಪು, ಟ್ರ್ಯಾಕ್ಟರ್‌ಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ನಾಝಲ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಕಂಡುಹಿಡಿಯುತ್ತಿದ್ದರು. ಕಾಮನ್ ರೈಲ್‌ನಲ್ಲಿ ಎಂದೂ ಹಾಗೆ ಮಾಡಬಾರದು. ನೂರಾರು ಬಾರ್ ಒತ್ತಡದ ಡೀಸೆಲ್ ಎಳೆ ಚರ್ಮವನ್ನು ಸೀಳಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇಂಜೆಕ್ಟರ್ ಬುಡದ ಸೋರಿಕೆ

ಇಂಜೆಕ್ಟರ್ ಕೂರುವ ಬುಡದಲ್ಲಿ ಒಂದು ತಾಮ್ರದ ವಾಷರ್ ಇದೆ. ಅದು ಸೋಲುತ್ತ ಬಂದಂತೆ ಸಿಲಿಂಡರಿನ ಬಿಸಿ ಅನಿಲ ಮೇಲಕ್ಕೆ ನುಗ್ಗಿ 'ಚಕ್ ಚಕ್' ಎಂಬ ಸದ್ದು ಬರುತ್ತದೆ, ಎಸಿ ದ್ವಾರಗಳಿಂದ ಹೊಗೆಯ ವಾಸನೆ ಕಾರಿನೊಳಗೆ ಬರುತ್ತದೆ, ಇಂಜೆಕ್ಟರ್ ಸುತ್ತ ಡಾಂಬರಿನಂತಹ ಕಪ್ಪು ಗಟ್ಟಿ ಪದಾರ್ಥ ಕೂರುತ್ತದೆ. ಇದನ್ನು ಬೇಗ ಗಮನಿಸಿದರೆ ಖರ್ಚು ಬರೀ ವಾಷರ್ ಮತ್ತು ಕೂಲಿ. ತಡಮಾಡಿದರೆ ಇಂಜೆಕ್ಟರ್ ಕಚ್ಚಿಕೊಂಡು, ಎಳೆದು ತೆಗೆಯಲು ಪುಲ್ಲರ್ ಬೇಕಾಗುತ್ತದೆ, ಕೂರುವ ಜಾಗವೂ ತಿಂದುಹೋಗುತ್ತದೆ. ಇಂಜೆಕ್ಟರ್ ತೆಗೆದ ಮೇಲೆ ರಂಧ್ರದ ಕೆಳಭಾಗವನ್ನು ಗ್ರೀಸ್ ಹಚ್ಚಿದ ಬಟ್ಟೆಯಿಂದ ಮುಚ್ಚಿ ಸೀಟ್ ಸ್ವಚ್ಛಗೊಳಿಸಬೇಕು, ಇಲ್ಲವಾದರೆ ಗಟ್ಟಿ ಮಸಿ ಸಿಲಿಂಡರಿಗೆ ಬೀಳುತ್ತದೆ. ಕೆಲಸ ಮುಗಿದ ಮೇಲೆ ಆ ಬಟ್ಟೆಯನ್ನು ಹೊರತೆಗೆದದ್ದನ್ನು ಎರಡು ಸಲ ಖಚಿತಪಡಿಸಿಕೊಳ್ಳಿ. ಹಳೆಯ ವಾಷರ್ ಮತ್ತೆ ಬಳಸಬಾರದು, ಒಂದರ ಮೇಲೊಂದು ಎರಡು ವಾಷರ್ ಕೂರಿಸಲೂಬಾರದು. ಇಂಜೆಕ್ಟರನ್ನೇ ಬದಲಿಸಿದರೆ ಅದರ ಮೇಲಿನ ಕೋಡನ್ನು ಸ್ಕ್ಯಾನರ್ ಮೂಲಕ ಇಂಜಿನ್ ಕಂಪ್ಯೂಟರ್ ಆದ ಇಸಿಯುಗೆ ಕೊಡಿಸಬೇಕು.

ಪಿಕಪ್ ಇಳಿದು ಕಪ್ಪು ಹೊಗೆ ಬಂದರೆ

ಈ ಇಂಜಿನ್ ಸುಮಾರು 2000 ಆರ್‌ಪಿಎಮ್ ಕೆಳಗೆ ಮೊದಲಿನಿಂದಲೂ ಮಂದವೇ. ಅದನ್ನು ದೋಷವೆಂದು ತಿಳಿಯಬಾರದು. 2000 ದಾಟಿದ ಮೇಲೂ ಎಳೆಯದಿದ್ದರೆ ಮಾತ್ರ ಹುಡುಕಬೇಕು. ಏರ್ ಫಿಲ್ಟರ್ ಮೊದಲು. ಮೆಕ್ಕೆಜೋಳದ ಒಕ್ಕಣೆಯ ಕಾಲದಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಫಿಲ್ಟರ್ ಎಷ್ಟು ಬೇಗ ತುಂಬುತ್ತದೆ ಎಂಬುದು ತೆಗೆದು ನೋಡಿದವರಿಗೇ ಗೊತ್ತು. ಬಳಿಕ ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳು. ಸೀಳು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಕೆಳಬದಿಯಲ್ಲಿರುತ್ತದೆ, ಕ್ಲಿಪ್ ಸಡಿಲಿಸಿ ಕೈಯಿಂದ ಬಾಗಿಸಿದಾಗಲೇ ತೆರೆದುಕೊಳ್ಳುತ್ತದೆ. ಹೋಸ್ ಒಳಗೆ ತೆಳುವಾಗಿ ಆಯಿಲ್ ಪಸೆ ಇರುವುದು ಸಹಜ, ಆಯಿಲ್ ನಿಂತಿದ್ದರೆ ಅಲ್ಲ.

ಮೂರನೆಯದು ಇಜಿಆರ್ ವಾಲ್ವ್, ಅಂದರೆ ಹೊಗೆಯ ಒಂದಂಶವನ್ನು ಮತ್ತೆ ಇಂಜಿನ್ನಿಗೆ ಕಳಿಸುವ ವಾಲ್ವ್. ಪೇಟೆಯಲ್ಲಿ ಕಡಿಮೆ ಆರ್‌ಪಿಎಮ್‌ನಲ್ಲೇ ಓಡುವ ಕಾರುಗಳಲ್ಲಿ ಇದು ಮಸಿಯಿಂದ ಕಟ್ಟಿಕೊಂಡು ತೆರೆದೇ ನಿಲ್ಲುತ್ತದೆ. ಬಿಚ್ಚಿ, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಮತ್ತು ಮೃದುವಾದ ಬ್ರಷ್‌ನಿಂದ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದರೆ ಅನೇಕ ಸಲ ಅಷ್ಟೇ ಸಾಕಾಗುತ್ತದೆ. ತಗಡು ಹಾಕಿ ಇಜಿಆರ್ ದಾರಿಯನ್ನೇ ಮುಚ್ಚಿಬಿಡುವ ಸಲಹೆ ಕೇಳಿಬರುತ್ತದೆ. ಅದು ಹೊರಸೂಸುವಿಕೆಯ ನಿಯಮಕ್ಕೆ ವಿರುದ್ಧ, ಇಂಜಿನ್ ದೀಪವೂ ಉರಿಯಲು ಆರಂಭಿಸಬಹುದು.

ಇವೆಲ್ಲ ಸರಿಯಿದ್ದರೆ ಟರ್ಬೊ. ಗಾಳಿ ಬರುವ ಕಡೆಯ ಪೈಪ್ ತೆಗೆದು, ಇಂಜಿನ್ ತಣ್ಣಗಿರುವಾಗ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ ನೋಡಬೇಕು. ಪಕ್ಕಕ್ಕೆ ಅತ್ಯಲ್ಪ ಆಟ ಇರಬಹುದು. ಒಳಗೆ ಹೊರಗೆ ಆಟವಿದ್ದರೆ ಅಥವಾ ರೆಕ್ಕೆ ಗೋಡೆಗೆ ತಾಗುತ್ತಿದ್ದರೆ ಟರ್ಬೊ ಮುಗಿದಿದೆ. ನೀಲಿ ಹೊಗೆಯೂ ಆಯಿಲ್ ಇಳಿಕೆಯೂ ಜೊತೆಗಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಹೊಸ ಟರ್ಬೊ ಕೂರಿಸುವ ಮೊದಲು ಅದಕ್ಕೆ ಆಯಿಲ್ ತರುವ ಪೈಪನ್ನು ಬದಲಿಸದಿದ್ದರೆ ಆ ಹಣವೂ ವ್ಯರ್ಥ. ವಿಜಿಟಿ ಇರುವ ಕಾರುಗಳಲ್ಲಿ ಮಸಿಯಿಂದ ರೆಕ್ಕೆಗಳು ಹಿಡಿದುಕೊಳ್ಳುತ್ತವೆ. ಆಗಾಗ ಹೆದ್ದಾರಿಯಲ್ಲಿ ಒಂದು ಗೇರ್ ಕಡಿಮೆ ಹಾಕಿಕೊಂಡು 2500ರಿಂದ 3000 ಆರ್‌ಪಿಎಮ್‌ನಲ್ಲಿ ಅರ್ಧ ಗಂಟೆ ಓಡಿಸುವುದು ಅದಕ್ಕೆ ಒಳ್ಳೆಯ ತಡೆ.

ಬಿಸಿ ಮತ್ತು ಕೂಲೆಂಟ್

ಸ್ಕ್ಯಾನರಿನಲ್ಲಿ ಕೂಲೆಂಟ್ ಉಷ್ಣತೆ 80ರಿಂದ 95 ಡಿಗ್ರಿ ನಡುವೆ ಇದ್ದರೆ ಸರಿ. ಹೀಟ್ ಆಗುವುದನ್ನು ಎಲ್ಲರೂ ಗಮನಿಸುತ್ತಾರೆ, ಆದರೆ ಸಾಕಷ್ಟು ಬಿಸಿಯೇ ಆಗದಿರುವುದನ್ನು ಗಮನಿಸುವವರು ಕಡಿಮೆ. ರೇಡಿಯೇಟರಿಗೆ ಹೋಗುವ ಕೂಲೆಂಟನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ಉಳಿದರೆ, ಹಿರಿಯೂರಿನ ಕಡೆಗೆ ಗಾಳಿಗೆ ಎದುರಾಗಿ ಹೆದ್ದಾರಿಯಲ್ಲಿ ಹೋಗುವಾಗ ಉಷ್ಣತೆ 70ರ ಕೆಳಗೆ ಇಳಿದು, ಮೈಲೇಜ್ ಕಡಿಮೆಯಾಗಿ ಮಸಿ ಹೆಚ್ಚುತ್ತದೆ. ಹೀಟ್ ಆಗುತ್ತಿದ್ದರೆ ಕೂಲೆಂಟ್ ಮಟ್ಟ, ರೇಡಿಯೇಟರ್ ಮುಂಭಾಗದ ಧೂಳು, ಫ್ಯಾನ್ ತಿರುಗುವುದು, ವಾಟರ್ ಪಂಪ್ ಸೋರಿಕೆ ಈ ಕ್ರಮದಲ್ಲಿ ನೋಡಬೇಕು. ಬಿಸಿಯಿರುವಾಗ ಮುಚ್ಚಳ ತೆರೆಯಬಾರದು. ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಹಾಕಬಾರದು, ಅದರ ಗಡಸು ಉಪ್ಪು ಒಳಗೆ ಪದರ ಕಟ್ಟುತ್ತದೆ. ಕೂಲೆಂಟ್ ಪದೇಪದೇ ಇಳಿಯುತ್ತಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಬಿಳಿ ಹೊಗೆಯೂ ಇದ್ದರೆ, ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಬೇಕು.

ಹದಿನೈದು ವರ್ಷದ ನವೀಕರಣಕ್ಕೆ ಮುಂಚೆ

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿದು, ಬಳಿಕ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. 2007ರಿಂದ 2010ರ ನಡುವೆ ನೋಂದಣಿಯಾದ ಕಾರುಗಳೆಲ್ಲ ಈ ಘಟ್ಟ ದಾಟಿವೆ. ಆರ್‌ಟಿಒ ಕಚೇರಿಗೆ ಹೋಗುವ ಕನಿಷ್ಠ ಒಂದು ತಿಂಗಳು ಮೊದಲೇ ಆಯಿಲ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ ಇಜಿಆರ್ ತೊಳೆಯಿಸಿಕೊಳ್ಳಿ. ಹೊಗೆ ತಪಾಸಣೆಗೆ ಹೋಗುವ ದಿನ ಇಂಜಿನ್ ಪೂರ್ತಿ ಬಿಸಿಯಾಗುವಂತೆ ಹೆದ್ದಾರಿಯಲ್ಲಿ ಇಪ್ಪತ್ತು ಕಿ.ಮೀ.ಯಾದರೂ ಓಡಿಸಿಕೊಂಡು ಹೋಗಬೇಕು. ತಪಾಸಣೆಯಲ್ಲಿ ಇಂಜಿನ್ನನ್ನು ಪೂರ್ತಿ ರೇಸ್ ಮಾಡುವುದರಿಂದ, ಚೈನ್ ಸದ್ದು ಇರುವ ಅಥವಾ ಆಯಿಲ್ ಕಡಿಮೆಯಿರುವ ಕಾರನ್ನು ಅಲ್ಲಿಗೆ ಒಯ್ಯಬಾರದು. ಮೊದಲು ಚೈನ್ ಕೆಲಸ ಮುಗಿಸಿ, ಸ್ಕ್ಯಾನರಿನಲ್ಲಿ ಹಳೆಯ ದೋಷಗಳ ಕೋಡ್‌ಗಳನ್ನು ಅಳಿಸಿ, ನೂರಿನ್ನೂರು ಕಿ.ಮೀ. ಓಡಿಸಿದ ಮೇಲೆ ಅವು ಮರಳಿ ಬಂದಿಲ್ಲವೆಂದು ನೋಡಿಕೊಂಡೇ ತಪಾಸಣೆಗೆ ಹೋಗಬೇಕು.